ಹಿರಿಯರ ಅಪಾರ್ಟ್‌ಮೆಂಟ್: ಊರಿನ ಮನೆ ಬಿಡುವ ಮುನ್ನ

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂತಹ ಊರುಗಳಿಂದ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಹೈದರಾಬಾದ್‌ಗಳಿಗೆ ತೆರಳಿದಾಗ, ಸ್ವಾವಲಂಬಿ ಹಿರಿಯರಿಗೆ ನಗರದ ನಿವೃತ್ತರ ಅಪಾರ್ಟ್‌ಮೆಂಟ್ ಒಂದು ಆಯ್ಕೆ. ಇದು ವೃದ್ಧಾಶ್ರಮವಲ್ಲ. ಮನೆಯೂ ಬೀಗದ ಕೈಯೂ ತಮ್ಮದೇ. ಊಟ, ಶುಚಿತ್ವ, ತುರ್ತು ನೆರವು ಮಾಸಿಕ ಶುಲ್ಕಕ್ಕೆ ದೊರೆಯುತ್ತವೆ.

ಕೇಂದ್ರ ವಸತಿ ಸಚಿವಾಲಯದ 2019ರ ಮಾದರಿ ಮಾರ್ಗಸೂಚಿಗಳು ನಿರ್ಮಾಣಗಾರ, ಸೇವಾ ಸಂಸ್ಥೆ ಹಾಗೂ ಖರೀದಿದಾರರ ನಡುವೆ ತ್ರಿಪಕ್ಷೀಯ ಒಪ್ಪಂದವನ್ನು ಸೂಚಿಸುತ್ತವೆ. ಶುಲ್ಕ ಏರಿಕೆಯ ಮಿತಿ, ಹಾಸಿಗೆ ಹಿಡಿದಾಗಿನ ಆರೈಕೆ, ಮರಣಾನಂತರದ ಹಕ್ಕು ಅದರಲ್ಲಿ ಸ್ಪಷ್ಟವಾಗಿವೆಯೇ ಎಂದು ಪರಿಶೀಲಿಸುವುದು ಅಗತ್ಯ.

ಊರಿನ ಮನೆಯನ್ನಾಗಲಿ ಫ್ಲ್ಯಾಟನ್ನಾಗಲಿ ಮಕ್ಕಳಿಗೆ ದಾನ ನೀಡುವವರು ಪಾಲನೆಯ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಒಳಿತು. ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನನ್ವಯ ನ್ಯಾಯಮಂಡಳಿಯು ಆ ವರ್ಗಾವಣೆಯನ್ನು ಅಸಿಂಧುವೆಂದು ಘೋಷಿಸಬಹುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ: 14567.