ಗುಣಮಟ್ಟ ಸುಧಾರಣಾ ಶುಶ್ರೂಷೆ (ಆಸ್ಟ್ರೇಲಿಯದ ಮೂಲನಿವಾಸಿ ಸಮುದಾಯಗಳು)

ಆಸ್ಟ್ರೇಲಿಯದ ಒಳನಾಡಿನಲ್ಲಿರುವ ಮೂಲನಿವಾಸಿ ಸಮುದಾಯಗಳ ಆರೋಗ್ಯ ಕೇಂದ್ರಗಳು ನೀಡುವ ಆರೈಕೆಯನ್ನು ರೋಗಿಗಳ ದಾಖಲೆಗಳ ಮೂಲಕ ಅಳೆದು, ಕೊರತೆಗಳನ್ನು ಗುರುತಿಸಿ, ಹಂತಹಂತವಾಗಿ ಸರಿಪಡಿಸುವ ಶುಶ್ರೂಷಾ ಕಾರ್ಯ. ವೈದ್ಯರು ಸದಾ ಲಭ್ಯರಿರದ ಈ ಕೇಂದ್ರಗಳಲ್ಲಿ ಚಿಕಿತ್ಸೆಯ ಬಹುಪಾಲನ್ನು ದಾದಿಯರೂ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರೂ ನಿರ್ವಹಿಸುವುದರಿಂದ, ಮಧ್ಯ ಆಸ್ಟ್ರೇಲಿಯದಲ್ಲಿ ರೂಪುಗೊಂಡ 'ಕಾರ್ಪಾ' ಚಿಕಿತ್ಸಾ ಕೈಪಿಡಿಯಂತಹ ಲಿಖಿತ ಕ್ರಮವೇ ಇಲ್ಲಿ ಅಳತೆಗೋಲಾಗುತ್ತದೆ. ನಾರ್ದರ್ನ್ ಟೆರಿಟರಿಯಲ್ಲಿ 2002ರಲ್ಲಿ ಮೆನ್ಜೀಸ್ ಆರೋಗ್ಯ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಆರಂಭವಾದ 'ಎಬಿಸಿಡಿ' ಯೋಜನೆಯು ದೀರ್ಘಕಾಲಿಕ ರೋಗಗಳ ಆರೈಕೆಗೆ ಈ ವಿಧಾನವನ್ನು ವ್ಯವಸ್ಥಿತವಾಗಿ ಅಳವಡಿಸಿತು.

ಗಂಟಲಿನ ಅಥವಾ ಚರ್ಮದ ಸೋಂಕಿನ ಬೆನ್ನಲ್ಲೇ ಬಂದು ಹೃದಯದ ಕವಾಟಗಳನ್ನು ಹಾಳುಮಾಡಬಲ್ಲ ಸಂಧಿವಾತ ಜ್ವರ ಈ ವಿಧಾನಕ್ಕೆ ತಕ್ಕ ಉದಾಹರಣೆ: ಅದು ಮರುಕಳಿಸದಂತೆ ಸಾಮಾನ್ಯವಾಗಿ 28 ದಿನಗಳಿಗೊಮ್ಮೆ, ವರ್ಷಗಟ್ಟಲೆ, ಪೆನಿಸಿಲಿನ್ ಚುಚ್ಚುಮದ್ದು ಕೊಡಬೇಕಾಗುತ್ತದೆ. ತಪ್ಪಿಹೋದ ಚುಚ್ಚುಮದ್ದುಗಳನ್ನು ಲೆಕ್ಕಹಾಕುವ ದಾದಿ ರೋಗಿಯನ್ನು ದೂರುವುದಿಲ್ಲ. ರೋಗಿಗಳನ್ನು ಮತ್ತೆ ಕರೆಸುವ ಪಟ್ಟಿ ಹಳೆಯದಾಗಿತ್ತೇ, ಕುಟುಂಬ ಬೇರೆ ಊರಿಗೆ ತೆರಳಿತ್ತೇ, ನೋವಿನ ಭಯವಿತ್ತೇ ಎಂದು ಸಿಬ್ಬಂದಿಯೊಡನೆ ಪರಿಶೀಲಿಸಿ, ಸಣ್ಣ ಬದಲಾವಣೆಯೊಂದನ್ನು ಪ್ರಯೋಗಿಸಿ, ಮತ್ತೆ ಅಳೆಯುತ್ತಾಳೆ. ಹೊರಗಿನಿಂದ ಬಂದ ದಾದಿಯರು ಬೇಗ ಬೇಗ ಬದಲಾಗುವುದು ಈ ಕಾರ್ಯದ ದೊಡ್ಡ ತೊಡಕು. ಆದ್ದರಿಂದ ಸ್ಥಳೀಯ ಭಾಷೆಯನ್ನೂ ಬಂಧುತ್ವವನ್ನೂ ಬಲ್ಲ ಮೂಲನಿವಾಸಿ ಕಾರ್ಯಕರ್ತರ ಪಾಲ್ಗೊಳ್ಳುವಿಕೆಯಿಲ್ಲದ ಸುಧಾರಣೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯುತ್ತದೆ.