ನಕಲು ಡೆಕ್ಕು, ಸ್ವಂತ ಡೆಕ್ಕು

ಹೋದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಊಟ ಮುಗಿಸಿ ಮೊಬೈಲ್ ಹಿಡಿದು ಕೂತವನು ಅರ್ಧ ಗಂಟೆ ಆದ ಮೇಲೆ ಅದನ್ನು ದಿಂಬಿನ ಮೇಲೆ ಎಸೆದು, "ಮಾಮ, ಇದು ಮೋಸ. ಎಲ್ಲರೂ ನಕಲು ಹೊಡೀತಾರೆ" ಅಂದ. ಏನಾಯ್ತಪ್ಪಾ ಅಂತ ನೋಡಿದರೆ ಅವನು ಆಡುತ್ತಿದ್ದದ್ದು ಮ್ಯಾಜಿಕ್ ಅರೀನಾ. ಎರಡು ವಾರ ತಲೆ ಕೆಡಿಸಿಕೊಂಡು ಬರೀ ಬೆಕ್ಕುಗಳ ಕಾರ್ಡನ್ನೇ ಸೇರಿಸಿ ಒಂದು ಡೆಕ್ ಕಟ್ಟಿದ್ದನಂತೆ. ಏಳು ಆಟ ಆಡಿ ಏಳನ್ನೂ ಸೋತಿದ್ದ. ಎದುರಿಗೆ ಬಂದ ಏಳು ಜನರಲ್ಲಿ ಐದು ಜನರ ಡೆಕ್ ಹೆಚ್ಚುಕಮ್ಮಿ ಒಂದೇ.

"ಅದು ಮೋಸ ಅಲ್ಲ ಕಣೋ" ಅಂದೆ. "ಯಾಕಲ್ಲ?" ಅಂತ ಕೇಳಿದ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಯಾಕಂದರೆ ಇಪ್ಪತ್ತು ವರ್ಷದ ಹಿಂದೆ ಇದೇ ಮಾತು ಹೇಳಿ ನಾನೂ ಈ ಆಟ ಬಿಟ್ಟವನು! ಅವತ್ತು ರಾತ್ರಿ ನಿದ್ದೆ ಬರದೆ ಯೋಚಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :)

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇಸ್ಪೀಟಿನಲ್ಲಿ ಎಲ್ಲರಿಗೂ ಇರುವುದು ಅವೇ 52 ಎಲೆ. ಕಲಸಿ ಹಂಚಿದ ಮೇಲೆ ನಿಮ್ಮ ಅದೃಷ್ಟ, ನಿಮ್ಮ ಬುದ್ಧಿ. ಮ್ಯಾಜಿಕ್ ಹಾಗಲ್ಲ. ಇಲ್ಲಿ ಸಾವಿರಾರು ಬಗೆಯ ಕಾರ್ಡುಗಳಿವೆ. ಅವುಗಳಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿ 60 ಕಾರ್ಡಿನ ಕಟ್ಟು ಮಾಡಿಕೊಂಡು ಮನೆಯಿಂದಲೇ ತರುತ್ತೀರಿ. ಅಂದರೆ ಅರ್ಧ ಆಟ ಮೇಜಿಗೆ ಕೂರುವ ಮೊದಲೇ ಮುಗಿದಿರುತ್ತದೆ. ಆ ಅರ್ಧವನ್ನು ಬೇರೆಯವರ ಪಟ್ಟಿ ನೋಡಿ ಇಳಿಸಿಕೊಂಡರೆ ಅದಕ್ಕೆ ನೆಟ್‌ಡೆಕ್ ಅನ್ನುತ್ತಾರೆ. ಜಗಳ ಇರುವುದೇ ಅಲ್ಲಿ.

ಮ್ಯಾಜಿಕ್ ಹೊರಬಂದದ್ದು 1993ರ ಆಗಸ್ಟಿನಲ್ಲಿ. ಮಾಡಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತದಲ್ಲಿ ಪಿಎಚ್‌ಡಿ ಮಾಡಿದ ಮೇಷ್ಟ್ರು. ಪ್ರಕಟಿಸಿದ್ದು ವಿಝಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಆಗ ಯಾರೂ ಕೇಳಿರದ ಸಣ್ಣ ಕಂಪನಿ. ಮೊದಲ ಮುದ್ರಣದಲ್ಲಿ ಇದ್ದದ್ದು ಸುಮಾರು 300 ಬಗೆಯ ಕಾರ್ಡು. ಅವು ಯಾವುವು, ಯಾವುದು ಅಪರೂಪ ಎಂಬ ಪಟ್ಟಿಯನ್ನು ಕಂಪನಿ ಬೇಕೆಂದೇ ಕೊಟ್ಟಿರಲಿಲ್ಲ. ಒಬ್ಬೊಬ್ಬರು ಒಂದಿಷ್ಟು ಪ್ಯಾಕೆಟ್ ಕೊಳ್ಳುತ್ತಾರೆ, ಸಿಕ್ಕಿದ್ದರಲ್ಲೇ ಡೆಕ್ ಕಟ್ಟುತ್ತಾರೆ, ಪಕ್ಕದ ಊರಿನವನು ಬಂದಾಗ ನಾವು ಕಂಡೇ ಇರದ ಕಾರ್ಡೊಂದನ್ನು ಮೇಜಿನ ಮೇಲೆ ಇಡುತ್ತಾನೆ... ಇದು ಅವರ ಲೆಕ್ಕಾಚಾರ. ಆಟದ ಮೊದಲು ಇಬ್ಬರೂ ಒಂದೊಂದು ಕಾರ್ಡನ್ನು ಪಣಕ್ಕಿಡುವ ನಿಯಮ ಕೂಡ ಆಗ ಇತ್ತು. ಹಾಗಾಗಿ ಕಾರ್ಡು ಕೈಯಿಂದ ಕೈಗೆ ಓಡಾಡಬೇಕಿತ್ತು.

ಲೆಕ್ಕ ತಪ್ಪಿದ್ದು ಎರಡು ಕಡೆ. ಜನ ಒಂದೆರಡು ಪ್ಯಾಕೆಟ್ಟಿಗೆ ನಿಲ್ಲಲಿಲ್ಲ, ಡಬ್ಬಗಟ್ಟಲೆ ಕೊಂಡರು. ಒಂದೇ ಬಲವಾದ ಕಾರ್ಡನ್ನು ಎಷ್ಟು ಬೇಕಾದರೂ ತುಂಬಿಕೊಳ್ಳಬಹುದಿತ್ತು. ಹಾಗಾಗಿ 1994ರಲ್ಲಿ ಟೂರ್ನಮೆಂಟುಗಳಿಗೆ ಕಟ್ಟುಪಾಡು ಬಂತು: ಕನಿಷ್ಠ 60 ಕಾರ್ಡು, ಒಂದೇ ಕಾರ್ಡಿನ ಪ್ರತಿ ನಾಲ್ಕಕ್ಕಿಂತ ಹೆಚ್ಚು ಇರಬಾರದು. ಎರಡನೆಯದು ಇಂಟರ್ನೆಟ್. ಊರಿಂದ ಊರಿಗೆ ವರ್ಷಗಟ್ಟಲೆ ನಿಧಾನವಾಗಿ ಸಾಗಬೇಕಿದ್ದ ಸುದ್ದಿ ಯೂಸ್‌ನೆಟ್ಟಿನಲ್ಲಿ ಒಂದೇ ರಾತ್ರಿಗೆ ಹರಡಿತು.

ಹಾಗೆ ಊರೂರಿಗೆ ಹರಡಿದ ಮೊದಲ ಡೆಕ್ಕುಗಳಲ್ಲಿ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ಬ್ರಯನ್ ವೈಸ್‌ಮನ್ ಕಟ್ಟಿದ್ದು. ಅದಕ್ಕೆ ಬಿದ್ದ ಹೆಸರೇ 'ದ ಡೆಕ್'. ಆಗಿನ ಹುಡುಗರೆಲ್ಲ ದೊಡ್ಡ ದೊಡ್ಡ ರಾಕ್ಷಸರನ್ನು ತುಂಬಿಕೊಂಡು ನುಗ್ಗುತ್ತಿದ್ದ ಕಾಲ. ಈತನ ಕಟ್ಟಿನಲ್ಲಿ ಗೆಲ್ಲಿಸಿಕೊಡಲು ಇದ್ದದ್ದು ಮುಖ್ಯವಾಗಿ ಎರಡೇ ಎರಡು ಸೆರಾ ಏಂಜಲ್ ಕಾರ್ಡು. ಉಳಿದದ್ದೆಲ್ಲ ಎದುರಾಳಿ ಮಾಡಿದ್ದನ್ನು ಅಳಿಸುವುದಕ್ಕೆ, ಮತ್ತು ತನ್ನ ಕೈಯಲ್ಲಿ ಯಾವಾಗಲೂ ಅವನಿಗಿಂತ ಒಂದೆರಡು ಕಾರ್ಡು ಹೆಚ್ಚಿರುವಂತೆ ನೋಡಿಕೊಳ್ಳುವುದಕ್ಕೆ. ಎದುರಾಳಿ ಬರಿಗೈ ಆದಮೇಲೆ ಗೆಲ್ಲೋದಕ್ಕೆ ಏನು ಅವಸರ? ಇದನ್ನು ಇಳಿಸಿಕೊಂಡ ಹುಡುಗರು 60 ಕಾರ್ಡಿನ ಪಟ್ಟಿಯನ್ನಷ್ಟೇ ಇಳಿಸಿಕೊಳ್ಳಲಿಲ್ಲ. ಕಾರ್ಡುಗಳ ಮೇಲುಗೈ ಅನ್ನುವ ಒಂದು ವಿಚಾರವನ್ನೇ ಕಲಿತರು. ಇವತ್ತಿಗೂ ಈ ಆಟದ ಬಗ್ಗೆ ಯಾರೇ ಮಾತಾಡಿದರೂ ಆ ವಿಚಾರ ಬಿಟ್ಟು ಮಾತಾಡಲು ಆಗುವುದಿಲ್ಲ.

ಇನ್ನೊಂದು ಕಥೆ ಇದಕ್ಕಿಂತ ಚೆನ್ನಾಗಿದೆ. 1996ರಲ್ಲಿ ಅಟ್ಲಾಂಟಾದ ಒಂದು ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಎಂಬಾತ ಕೆಂಪು ಬಣ್ಣದ ಡೆಕ್ಕೊಂದನ್ನು ತಂದ. ನೋಡಿದವರು ನಕ್ಕಿರಬೇಕು, ಯಾಕಂದರೆ ಅದರಲ್ಲಿದ್ದದ್ದು ಯಾರೂ ಮೂಸಿ ನೋಡದ ಸಣ್ಣಪುಟ್ಟ ಓರ್ಕುಗಳು, ಗಾಬ್ಲಿನ್ನುಗಳು. ಆದರೆ ಮೊದಲ ಸರದಿಗೆ ಒಂದು ಮಾನಾ, ಎರಡನೆಯದಕ್ಕೆ ಎರಡು, ಹೀಗೆ ಯಾವ ಸರದಿಯಲ್ಲೂ ಮಾನಾ ದಂಡವಾಗದ ಹಾಗೆ ಲೆಕ್ಕ ಹಾಕಿ ಜೋಡಿಸಿದ್ದ ಕಟ್ಟು ಅದು. ಎರಡನೇ ಸ್ಥಾನ ಪಡೆಯಿತು. ಅಂದಿನಿಂದ ಆ ಬಗೆಯ ಡೆಕ್ಕಿಗೆ ಸ್ಲೈ ಅಂತಲೇ ಹೆಸರು. ಆದರೆ ಅದರ ಹಿಂದಿನ ತಲೆ ಸ್ಲೈ ಅವರದ್ದಲ್ಲ, ಜೇ ಶ್ನೈಡರ್ ಅನ್ನುವವರದ್ದು! ಕಟ್ಟಿದವನೊಬ್ಬ, ಆಡಿದವನೊಬ್ಬ, ಹೆಸರು ಉಳಿದದ್ದು ಆಡಿದವನದು. ಹಾಗಾದರೆ ಸ್ಲೈ ಮಾಡಿದ್ದು ನಕಲೇ? ಹಾಗಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅದೇ 1996ರ ಬೇಸಿಗೆಗೆ ಮ್ಯಾಜಿಕ್ ಆಡುವವರು 'ಕಪ್ಪು ಬೇಸಿಗೆ' ಅನ್ನುತ್ತಾರೆ. ನೆಕ್ರೊಪೊಟೆನ್ಸ್ ಅಂತ ಒಂದು ಕಪ್ಪು ಕಾರ್ಡು. ನಿಮ್ಮ ಪ್ರಾಣದ ಅಂಕ ಒಂದೊಂದಾಗಿ ಕೊಟ್ಟು ಒಂದೊಂದು ಕಾರ್ಡು ಪಡೆಯಬಹುದು. 1995ರಲ್ಲಿ ಬಂದಾಗ ಪ್ರಾಣ ಕೊಟ್ಟು ಕಾರ್ಡು ಯಾರಿಗೆ ಬೇಕು ಅಂತ ಹಲವರು ತಳ್ಳಿಹಾಕಿದ್ದರು. 1996ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮೊದಲ ಪ್ರೊ ಟೂರ್‌ನಲ್ಲಿ ಸ್ವೀಡನ್ನಿನ ಲಿಯೋನ್ ಲಿಂಡ್‌ಬ್ಯಾಕ್ ಅದನ್ನಿಟ್ಟುಕೊಂಡು ಸೆಮಿಫೈನಲ್ ತಲುಪಿದ. ಆಮೇಲೆ ಕೇಳಬೇಕೆ? ಎಲ್ಲಿ ನೋಡಿದರೂ ಅದೇ ಡೆಕ್. ಆದರೆ ಆ ವರ್ಷ ಸಿಯಾಟಲ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್, ಬಿಳಿ ಡೆಕ್ಕಿನಿಂದ. ಅದರಲ್ಲಿ ಕಪ್ಪು ಕಾರ್ಡುಗಳು ಮುಟ್ಟಲಾಗದ ಸಣ್ಣ ಸಣ್ಣ ಯೋಧರ ದಂಡೇ ಇತ್ತು. ಎಲ್ಲರೂ ಒಂದೇ ದಾರಿ ಹಿಡಿದಾಗ ಆ ದಾರಿಯಲ್ಲಿ ಹಳ್ಳ ತೋಡುವವನಿಗೆ ಅನುಕೂಲ, ಅಷ್ಟೇ.

ಚಾನ್‌ಫೆಂಗ್ ಕಥೆಯಲ್ಲಿ ಇನ್ನೊಂದು ತಮಾಷೆ ಇದೆ. ಡೆಕ್ ಪಟ್ಟಿ ಬರೆದುಕೊಡುವಾಗ ನೀಲಿ ಮಾನಾ ಕೊಡುವ ನಾಲ್ಕು ಕಾರ್ಡನ್ನು ಬರೆಯುವುದೇ ಮರೆತುಹೋಗಿತ್ತಂತೆ. ಅದರ ಬದಲು ಸಾದಾ ಬಿಳಿ ಜಮೀನಿನ ಕಾರ್ಡು ಹಾಕಿಕೊಂಡೇ ಆಡಬೇಕಾಯಿತು. ಹಾಗಾಗಿ ಕಟ್ಟಿನಲ್ಲಿದ್ದ ಒಂದೇ ಒಂದು ನೀಲಿ ಕಾರ್ಡನ್ನು ಇಡೀ ಪಂದ್ಯದಲ್ಲಿ ಬಳಸಲು ಸಾಧ್ಯವೇ ಇರಲಿಲ್ಲ. ಆದರೂ ಗೆದ್ದ! ಪಟ್ಟಿಯೇ ಎಲ್ಲವೂ ಆಗಿದ್ದರೆ ಇದು ಆಗುತ್ತಿತ್ತೇ?

ಇಲ್ಲಿಂದ ಮುಂದೆ ಕಂಪನಿಯ ವರಸೆ ನೋಡಿ. ಆ ಮೊದಲ ಪ್ರೊ ಟೂರ್‌ನ ಕೊನೆಯ ಎಂಟು ಆಟಗಾರರ ಡೆಕ್ಕುಗಳನ್ನು ಕಂಪನಿಯೇ ಮತ್ತೆ ಮುದ್ರಿಸಿ ಮಾರಿತು. 1997ರಿಂದ 2004ರವರೆಗೆ ಪ್ರತಿ ವರ್ಷ ವಿಶ್ವ ಚಾಂಪಿಯನ್‌ಷಿಪ್ಪಿನ ಡೆಕ್ಕುಗಳೂ ಹೀಗೇ ಬಂದವು. ಚಿನ್ನದ ಬಣ್ಣದ ಅಂಚು, ಕಾರ್ಡಿನ ಮೇಲೆ ಆ ಆಟಗಾರನ ಸಹಿ, ಹಿಂಬದಿಯ ಚಿತ್ರ ಬೇರೆ. ಟೂರ್ನಮೆಂಟಿನಲ್ಲಿ ಅದನ್ನು ಬಳಸುವ ಹಾಗಿಲ್ಲ. ಮನೆಯಲ್ಲಿ ಕೂತು ಚಾಂಪಿಯನ್ನರ ಕೈಯಲ್ಲಿ ಏನಿತ್ತು ಅಂತ ಆಡಿ ನೋಡುವುದಕ್ಕೆ ಮಾತ್ರ. ನಕಲು ಅನ್ನೋದು ಅಧಿಕೃತ ಪಾಠಪುಸ್ತಕವೇ ಆಗಿಬಿಟ್ಟಿತ್ತು.

ಇನ್ನು ನನ್ನ ಕಥೆ. 2004ರಲ್ಲಿ ಆಫೀಸಿನ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದೆ. ಶುಕ್ರವಾರ ಸಂಜೆ ರೂಮಿನಲ್ಲಿ ಒಬ್ಬನೇ ಏನು ಮಾಡೋದು? ಹತ್ತಿರದ ಆಟದ ಅಂಗಡಿಯೊಂದರಲ್ಲಿ ಪ್ರತಿ ಶುಕ್ರವಾರ ಮ್ಯಾಜಿಕ್ ನಡೆಯುತ್ತಿತ್ತು. ನಾನು ಕಟ್ಟಿದ್ದು ಹಸಿರು ಡೆಕ್, ಅದರ ತುಂಬ ಆನೆಯಂಥ ಪ್ರಾಣಿಗಳು. ನನ್ನ ಪ್ರಾಣಿ ಕಾಡಿನಿಂದ ಹೊರಬರುವಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ಕೊಂದದ್ದು ಅಫಿನಿಟಿ.

ಅಫಿನಿಟಿ ಅಂದರೆ ಹೀಗೆ: ನಿಮ್ಮ ಮುಂದೆ ಯಂತ್ರದ ಕಾರ್ಡುಗಳು ಹೆಚ್ಚಾದಷ್ಟೂ ಮುಂದಿನ ಕಾರ್ಡಿನ ಬೆಲೆ ಇಳಿಯುತ್ತದೆ. ಜಮೀನಿನ ಕಾರ್ಡುಗಳೇ ಯಂತ್ರಗಳೂ ಆಗಿರುವ ವಿಶೇಷ ಕಾರ್ಡುಗಳು 2003ರ ಮಿರೊಡಿನ್ ಕಂತಿನಲ್ಲಿ ಬಂದವು. ಎಲ್ಲ ಕೂಡಿಕೊಂಡರೆ ನಾಲ್ಕೈದು ಸರದಿಯಲ್ಲಿ ಆಟ ಮುಗೀತು. ಕೊನೆಗೆ ನಾನೂ ಸೋತು ಸೋತು ಸಾಕಾಗಿ ಅದೇ ಡೆಕ್ಕನ್ನು ಪಟ್ಟಿ ನೋಡಿ ಜೋಡಿಸಿಕೊಂಡೆ. ಮೊದಲ ಶುಕ್ರವಾರವೇ ನಾಲ್ಕರಲ್ಲಿ ಮೂರು ಗೆದ್ದೆ. ಎಷ್ಟು ಖುಷಿಯಾಯ್ತು ಗೊತ್ತಾ? ಮುಂದಿನ ವಾರ ನನ್ನ ಎದುರು ಕೂತವನದ್ದೂ ಅದೇ ಡೆಕ್. ಅದರ ಮುಂದಿನವನದ್ದೂ ಅದೇ. ಕನ್ನಡಿ ಮುಂದೆ ಕೂತು ಆಡಿದ ಹಾಗೆ. ಮೂರನೇ ವಾರ ನಾನು ಹೋಗಲಿಲ್ಲ.

ಹೋಗದಿದ್ದವನು ನಾನೊಬ್ಬನೇ ಅಲ್ಲ. ಟೂರ್ನಮೆಂಟುಗಳಿಗೆ ಬರುವವರು ಕಡಿಮೆಯಾದರು. 2004ರ ಜೂನಿನಲ್ಲಿ ಸ್ಕಲ್‌ಕ್ಲಾಂಪ್ ಎಂಬ ಕಾರ್ಡನ್ನು ನಿಷೇಧಿಸಿದರು, ಸಾಲಲಿಲ್ಲ. 2005ರ ಮಾರ್ಚಿನಲ್ಲಿ ಒಂದೇ ಏಟಿಗೆ ಎಂಟು ಕಾರ್ಡು ನಿಷೇಧವಾದವು. ಅಷ್ಟರಲ್ಲಿ ನಾನು ಬೆಂಗಳೂರಿಗೆ ವಾಪಸ್ ಬಂದಾಗಿತ್ತು. ಆ ಡೆಕ್ ಇನ್ನೂ ಅಟ್ಟದ ಮೇಲಿನ ಡಬ್ಬದಲ್ಲಿದೆ. ಹಸಿರು ಡೆಕ್ಕನ್ನು ಮಾತ್ರ ಎಲ್ಲೋ ಕಳೆದೆ. ಅದೇ ಬೇಜಾರು.

ಎಲ್ಲರೂ ಒಂದೇ ಪಟ್ಟಿ ಇಳಿಸಿಕೊಂಡರೆ ಆಟ ಬಡವಾಗುತ್ತದೆ ಅನ್ನುವುದು ಕಂಪನಿಗೂ ಗೊತ್ತಿದೆ. 2017ರಲ್ಲಿ ಅವರು ಆನ್‌ಲೈನ್ ಲೀಗುಗಳಲ್ಲಿ ಗೆದ್ದ ಡೆಕ್ಕುಗಳ ಪಟ್ಟಿಯನ್ನು ದಿನಕ್ಕೆ ಹತ್ತರ ಬದಲು ಐದಕ್ಕೆ ಇಳಿಸಿದರು. ಮಾಹಿತಿ ಹೆಚ್ಚಾದಷ್ಟೂ ಒಗಟು ಬೇಗ ಬಿಡಿಸಿಹೋಗುತ್ತದೆ ಅಂತ. ಚಿನ್ನದ ಅಂಚಿನ ನಕಲು ಮಾರಿದವರೇ ಈಗ ಪಟ್ಟಿ ಬಚ್ಚಿಡಲು ಹೊರಟರು.

ಗಾರ್ಫೀಲ್ಡ್ ಸುಮ್ಮನೆ ಕೂರಲಿಲ್ಲ. 2018ರಲ್ಲಿ ಅವರ ಇನ್ನೊಂದು ಆಟ ಬಂತು, ಕೀಫೋರ್ಜ್. ಅದರಲ್ಲಿ ಬಿಡಿ ಕಾರ್ಡು ಮಾರುವುದೇ ಇಲ್ಲ. 36 ಕಾರ್ಡಿನ ಇಡೀ ಡೆಕ್ಕನ್ನೇ ಕೊಳ್ಳಬೇಕು. ಪ್ರತಿ ಡೆಕ್ಕೂ ಕಂಪ್ಯೂಟರ್ ಜೋಡಿಸಿದ್ದು, ಪ್ರಪಂಚದಲ್ಲಿ ಅಂಥದ್ದು ಅದೊಂದೇ. ಒಂದು ಕಾರ್ಡನ್ನೂ ಬದಲಾಯಿಸುವಂತಿಲ್ಲ. 1993ರಲ್ಲಿ ಕೈತಪ್ಪಿದ ಆ ಪಕ್ಕದ ಊರಿನ ಅಚ್ಚರಿಯನ್ನು ಮತ್ತೆ ಹಿಡಿಯುವ ಪ್ರಯತ್ನ. ನಕಲಿಗೆ ಜಾಗವೇ ಇಲ್ಲ. ಆದರೆ ನೋಡಿ, ಕಟ್ಟುವುದಕ್ಕೂ ಜಾಗ ಇಲ್ಲ! ನಕಲಿನ ಬೇರು ಕಿತ್ತರೆ ಜೊತೆಗೆ ಸ್ವಂತದ್ದರ ಬೇರೂ ಕಿತ್ತು ಬಂತು. ಅಷ್ಟಾದರೂ ಬಲವಾದ ಡೆಕ್ಕುಗಳನ್ನು ಜನ ಹೆಚ್ಚು ದುಡ್ಡು ಕೊಟ್ಟು ಸೆಕೆಂಡ್ ಹ್ಯಾಂಡ್ ಕೊಳ್ಳತೊಡಗಿದರು. 2021ರಲ್ಲಿ ಡೆಕ್ ಜೋಡಿಸುವ ಆ ಸಾಫ್ಟ್‌ವೇರೇ ಕೆಟ್ಟು ಆಟ ಕೆಲಕಾಲ ನಿಂತಿತು. 2022ರಲ್ಲಿ ಬೇರೆ ಕಂಪನಿ ಕೊಂಡು ಮುಂದುವರೆಸಿತು.

ಇಷ್ಟೆಲ್ಲ ನೆನಪು ಮಾಡಿಕೊಂಡ ಮೇಲೆ ನನಗೆ ಅನ್ನಿಸಿದ್ದು ಇದು. ನಮ್ಮಲ್ಲಿ ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅಂತಾರಲ್ಲ, ಅಲ್ಲಿ ನರಿ ತಪ್ಪಿದ್ದು ಹುಲಿಯನ್ನು ನೋಡಿದ್ದರಲ್ಲಿ ಅಲ್ಲ. ಬರೆ ಮಾತ್ರ ನೋಡಿದ್ದರಲ್ಲಿ. ವೈಸ್‌ಮನ್ ಪಟ್ಟಿಯನ್ನು ಇಳಿಸಿಕೊಂಡು ಅದರೊಳಗಿನ ಲೆಕ್ಕ ತಿಳಿದವರು ಮುಂದೆ ತಮ್ಮ ಡೆಕ್ ಕಟ್ಟಿದರು. ನಾನು ಅಫಿನಿಟಿ ಇಳಿಸಿಕೊಂಡಾಗ ಯಾವ ಕಾರ್ಡು ಯಾಕಿದೆ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ, ಗೆದ್ದರೆ ಸಾಕಿತ್ತು. ಗೆದ್ದದ್ದು ನನ್ನದು ಅನ್ನಿಸಲಿಲ್ಲ, ಸೋತಾಗ ಕಲಿಯಲು ಏನೂ ಉಳಿದಿರಲಿಲ್ಲ. ಆಟ ಕೆಟ್ಟಿತ್ತು, ನಿಜ. ಆದರೆ ನಾನು ಬಿಟ್ಟದ್ದಕ್ಕೆ ಪೂರ್ತಿ ಕಾರಣ ಅದಲ್ಲ ಅಂತ ಈಗ ಗೊತ್ತಾಗುತ್ತಿದೆ.

ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಹುಡುಗನಿಗೆ ಹೇಳಿದೆ: "ಅವರ ಡೆಕ್ಕನ್ನ ಒಂದು ವಾರ ನೀನೂ ಆಡು. ಅದು ಎಲ್ಲಿ ಸೋಲುತ್ತೆ ಅಂತ ಬರೆದಿಡು. ಆಮೇಲೆ ನಿನ್ನ ಬೆಕ್ಕುಗಳನ್ನ ಆ ಜಾಗಕ್ಕೆ ಕಳಿಸು."

"ಆಗಲೂ ಸೋತರೆ?" ಅಂದ.

"ಸೋಲಬಹುದು. ಬೆಕ್ಕುಗಳನ್ನ ಮಾತ್ರ ಅಳಿಸಬೇಡ" ಅಂದೆ.

ನಿನ್ನೆ ಫೋನ್ ಮಾಡಿದ್ದ. ಹತ್ತರಲ್ಲಿ ಮೂರು ಗೆದ್ದಿದ್ದಾನಂತೆ. ಮೂರೂ ಬೆಕ್ಕಿನ ಡೆಕ್ಕಿನಲ್ಲೇ. ಗೆದ್ದ ಮೂರು ಆಟಗಳನ್ನು ಸರದಿ ಸರದಿಯಾಗಿ ನನಗೆ ಹೇಳಲು ಇಪ್ಪತ್ತು ನಿಮಿಷ ತಗೊಂಡ. ನಾನು ಅಫಿನಿಟಿಯಲ್ಲಿ ಗೆದ್ದ ಆಟಗಳಲ್ಲಿ ಒಂದೂ ನನಗೆ ನೆನಪಿಲ್ಲ.

ನಿಮ್ಮ ಅನುಭವ ಏನು? ಈ ಆಟವೇ ಆಗಬೇಕಂತಿಲ್ಲ. ಚೆಸ್ಸು, ಅಡುಗೆ, ಹಾಡು, ಯಾವುದಾದರೂ ಸರಿ. ನೋಡಿ ಇಳಿಸಿಕೊಂಡದ್ದು ಯಾವಾಗ ನಿಮ್ಮದಾಯ್ತು? ಬರೆಯಿರಿ, ಓದುತ್ತೇನೆ.