ನಿಮ್ಮ ಪಹಣಿ, ವಿಂಡೋಸ್ ಮತ್ತ ಲಿನಕ್ಸ್

ಹಿಟ್ನಾಳ ಹೋಬಳಿಯವರಿಗೆ ಪಹಣಿ ಅಂದ್ರ ಏನು ಅಂತ ಹೇಳೋದು ಬ್ಯಾಡ. ಬ್ಯಾಂಕಿನ ಸಾಲಕ್ಕೂ ಅದ ಬೇಕು, ಬೆಳೆ ವಿಮೆಗೂ ಅದ ಬೇಕು. ಆದ್ರ ಆ ಹಾಳೆ ಹೊರಗ ಬರೋ ಕಂಪ್ಯೂಟರಿನ ಚರಿತ್ರೆ ಕೇಳೀರೇನು?

ನಿಜಾಮರ ಕಾಲದಾಗ ಕೊಪ್ಪಳ ಸಾಲಾರ್ ಜಂಗರ ಜಹಗೀರು. ಆಳೋರು ಬದಲಾದ್ರೂ ಹೊಲದ ಲೆಕ್ಕ ಕೈಬರಹದಾಗ ಉಳೀತು. ರಾಜ್ಯದಾಗ ಸುಮಾರು 9,000 ಗ್ರಾಮ ಲೆಕ್ಕಿಗರ ಹತ್ರ ಆ ಪುಸ್ತಕ ಇದ್ದವು. ಪುಸ್ತಕ ಯಾರ ಕೈಯಾಗೋ, ಮಾತು ಅವರದ. ನಕಲು ಬೇಕಂದ್ರ ಅಲೆದಾಟ, ಕೈಬಿಸಿ ಬ್ಯಾರೆ!

2001ರ ಹೊತ್ತಿಗೆ 'ಭೂಮಿ' ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ತಂತ್ರಾಂಶ ಎನ್‌ಐಸಿಯದು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಹೋದವು. ಆಗ ತಾಲೂಕಿನ ಕಿಟಕಿಯಾಗ 15 ರೂಪಾಯಿಗೆ ಪಹಣಿ ಸಿಗ್ತಿತ್ತು. ಅಧಿಕಾರಿ ಬೆರಳಚ್ಚು ಒತ್ತಿದ ಮ್ಯಾಲೇ ತಿದ್ದುಪಡಿ. ಮೊದಲು ಬಂದ ಅರ್ಜಿ ಮೊದಲು. ಸರತಿ ಕಾಯೋದು ಈಗ ಮನುಷ್ಯ ಅಲ್ಲ, ಡೇಟಾಬೇಸ್.

ಇಂಥಾ ರಿಲೇಷನಲ್ ಡೇಟಾಬೇಸಿನ ವಿಚಾರ ಐಬಿಎಂನ ಎಡ್ಗರ್ ಕಾಡ್ 1970ರಾಗ ಮಂಡಿಸಿದ್ದು. ಹೊಲಕ್ಕೊಂದು ಪಟ್ಟಿ, ಮಾಲೀಕರಿಗೊಂದು ಪಟ್ಟಿ. ಎರಡನ್ನೂ ಸರ್ವೆ ನಂಬರು ಜೋಡಿಸ್ತೈತಿ ಅಂದ್ಕೊಳ್ರಿ.

ಭೂಮಿಗೆ ಆರಿಸಿದ್ದು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್. ಅದು ಓಡ್ತಿದ್ದುದು ವಿಂಡೋಸಿನ ಮ್ಯಾಲ ಮಾತ್ರ. ಅಂದ್ರ ಡೇಟಾಬೇಸ್ ಕೊಂಡವರು ಅದರ ಕೆಳಗಿನ ವಿಂಡೋಸನ್ನೂ ಕೊಳ್ಳಲೇಬೇಕು. ಪಟ್ಟಾ ಒಬ್ಬರದು, ಬೀಗದ ಕೈ ಇನ್ನೊಬ್ಬರದು ಅನ್ನೋ ಹಂಗ.

ಬ್ಯಾರೆ ದಾರಿ ಇರಲಿಲ್ಲ ಅಂತಲ್ಲ. ಆರಕಲ್, ಇನ್ಫಾರ್ಮಿಕ್ಸ್ ಕಂಪನಿಗಳು 1998ರಾಗ ತಮ್ಮ ಡೇಟಾಬೇಸನ್ನ ಲಿನಕ್ಸಿಗೆ ತಂದಿದ್ದವು. ಯಾರು ಬೇಕಾದ್ರೂ ತಗೊಂಡು, ಒಳಗ ನೋಡಿ, ತಿದ್ದಬಹುದಾದ ಲಿನಕ್ಸನ್ನ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ 'ಕ್ಯಾನ್ಸರ್' ಅಂದದ್ದು 2001ರಾಗ. ನಮ್ಮ ಪಹಣಿ ಕಂಪ್ಯೂಟರಿಗೆ ಏರ್ತಿದ್ದ ಅದ ವರ್ಷ ನೋಡ್ರಿ!

ಹದಿನೈದು ವರ್ಷ ಕಳೀತು. 2016ರ ಮಾರ್ಚಿನಾಗ ಅದ ಕಂಪನಿ ಎಸ್‌ಕ್ಯೂಎಲ್ ಸರ್ವರ್ ಲಿನಕ್ಸಿಗೂ ಬರ್ತೈತಿ ಅಂತು, 2017ರ ಅಕ್ಟೋಬರಿನಾಗ ಬಿಡುಗಡೆ ಮಾಡ್ತು. ಇಡೀ ತಂತ್ರಾಂಶ ಹೊಸದಾಗಿ ಬರೀಲಿಲ್ಲ. 'ಡ್ರಾಬ್ರಿಡ್ಜ್' ಅನ್ನೋ ತಮ್ಮದ ಸಂಶೋಧನೆಯಿಂದ ಒಂದು ತೆಳು ಪದರ ಮಾಡಿ ನಡುವ ಇಟ್ರು. ಡೇಟಾಬೇಸು ವಿಂಡೋಸನ್ನ ಕೇಳಿದಂಗ ಕೇಳ್ತೈತಿ, ಪದರ ಅದನ್ನ ಲಿನಕ್ಸಿಗೆ ತಿಳಿಯೋ ಹಂಗ ದಾಟಿಸ್ತೈತಿ. ನನಗ ಇದು ಶರಣಾಗತಿಗಿಂತ ವ್ಯಾಪಾರ ಅನಿಸ್ತೈತಿ: ಲಿನಕ್ಸ್ ಪುಕ್ಕಟೆ ಸಿಕ್ಕರೂ ದೊಡ್ಡ ಕೆಲಸಕ್ಕ ಡೇಟಾಬೇಸಿನ ಲೈಸೆನ್ಸಿಗೆ ರೊಕ್ಕ ಕಟ್ಟಲೇಬೇಕು.

ನಿಮ್ಮ ಮನ್ಯಾಗ ಕೈಬರಹದ ಹಳೇ ಪಹಣಿ ಐತೇನು? ಯಾವ ವರ್ಷದ್ದು ಅಂತ ಕಮೆಂಟಿನಾಗ ಬರೀರಿ. ಫೋಟೋ ಹಾಕೋರು ಹೆಸರು, ಸರ್ವೆ ನಂಬರು ಮುಚ್ಚಿ ಹಾಕ್ರಿ 🙏

#ಹಿಟ್ನಾಳ #ಕೊಪ್ಪಳ #ಪಹಣಿ